ತೊಳೆಯದೆ ಇಟ್ಟ ನೀಲಿ ಗೆರೆ

ಕುವೈತಿನ ಸಾಲ್ಮಿಯಾದ ನಮ್ಮ ಫ್ಲಾಟಿನಲ್ಲಿ, ಬೀರುವಿನ ಮೇಲಿನ ಖಾನೆಯಲ್ಲಿ, ಬಿಳಿ ರೇಷ್ಮೆಯ ಒಂದು ತಾನು ನಾಲ್ಕು ತಿಂಗಳು ಸುತ್ತಿಕೊಂಡು ಬಿದ್ದಿತ್ತು. ಮದುವೆ ಸೀರೆಯನ್ನು ಇಡುವ ಮುಚ್ಚಟೆಯಿಂದ ನಾನದನ್ನು ಇಟ್ಟಿರಲಿಲ್ಲ. ಪೊಲೀಸರು ಕಳ್ಳಮಾಲನ್ನು ಸಾಕ್ಷಿಗೆಂದು ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಇಟ್ಟಿದ್ದೆ. ವಾರಕ್ಕೊಮ್ಮೆ ಬಾಗಿಲು ತೆಗೆದು ನೋಡುವುದು, ಹೊಟ್ಟೆ ಉರಿಸಿಕೊಳ್ಳುವುದು, ಬಾಗಿಲು ಹಾಕುವುದು. ನನಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಹೋಗುವುದೂ ಇಲ್ಲ. ಇದನ್ನು ನನ್ನ ಗಂಡ ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದಾರೆ, ಪಾಪ.

ಮೊದಲು ನನ್ನ ಟೀಚರ್ ವಿಷಯ ಹೇಳಬೇಕು. ಅವರು ಜಪಾನಿನವರು, ಎಪ್ಪತ್ತರ ಹತ್ತಿರದ ವಯಸ್ಸು. ಅವರ ಗಂಡ ಮತ್ತು ನನ್ನ ಗಂಡ ಒಂದೇ ಪ್ರಾಜೆಕ್ಟಿನಲ್ಲಿ ಎಂಜಿನಿಯರುಗಳು. ಅವರ ಮನೆ ನಮ್ಮ ಮುಂದಿನ ಬೀದಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಕಟ್ಟಡದಲ್ಲಿ. ಅವರ ತವರಿನಲ್ಲಿ ಅಜ್ಜನ ಕಾಲದಿಂದ ಕಿಮೋನೊ ಎನ್ನುವ ಉದ್ದ ನಿಲುವಂಗಿಯ ಬಟ್ಟೆಗೆ ಬಣ್ಣ ಹಾಕುವ ಕಸುಬು. ಒಂದು ಸಂಕ್ರಾಂತಿಗೆ ನಮ್ಮ ಮನೆಗೆ ಊಟಕ್ಕೆಂದು ಬಂದವರು ಊಟ ಬಿಟ್ಟು, ಬಾಗಿಲಲ್ಲಿದ್ದ ರಂಗೋಲಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಎಲ್ಲೂ ಅಳಿಸಿಲ್ಲ, ಎಲ್ಲೂ ಕೈ ನಿಂತಿಲ್ಲ. ಈ ಕೈ ನನಗೆ ಬೇಕು" ಎಂದರು, ಇಂಗ್ಲಿಷಿನಲ್ಲಿ. ಡಿಪೆಂಡೆಂಟ್ ವೀಸಾದಲ್ಲಿ ಹನ್ನೊಂದು ವರ್ಷ ಡಬ್ಬಿ ಕಟ್ಟಿಕೊಂಡಿದ್ದ ಬಿ.ಕಾಂ. ಹೆಂಗಸು ನಾನು. ಅಷ್ಟು ವರ್ಷಗಳಲ್ಲಿ ಒಬ್ಬರಾದರೂ ನಿನ್ನ ಕೈ ಬೇಕು ಎಂದಿರಲಿಲ್ಲ. ಮಾರನೆಯ ವಾರದಿಂದಲೇ ಅವರ ಮನೆಗೆ ಹೋಗತೊಡಗಿದೆ.

ಆ ಕೆಲಸ ಹೀಗೆ. ಮೊದಲು ಬಿಳಿ ರೇಷ್ಮೆಯ ಮೇಲೆ ನೀಲಿ ಗೆರೆಯಲ್ಲಿ ಚಿತ್ರ ಬರೆಯಬೇಕು. ಆ ನೀಲಿ ಒಂದು ಹೂವಿನ ರಸ, ನಮ್ಮ ಕಡೆಯ ಕನ್ನೆ ಸೊಪ್ಪಿನ ಹೂವಿನ ಜಾತಿಯದೇ. ನೀರು ತಾಗಿದರೆ ಗುರುತಿಲ್ಲದೆ ಹೋಗುತ್ತದೆ. ಅಂಟಕ್ಕಿಯ ಹಿಟ್ಟು, ತೌಡು, ಉಪ್ಪು ಸೇರಿಸಿ ಬೇಯಿಸಿ ನಾದಿದ ಅಂಟನ್ನು ಕೋನಿಗೆ ತುಂಬಿ, ಮೆಹಂದಿ ಹಾಕಿದ ಹಾಗೆ, ಆ ನೀಲಿ ಗೆರೆಯ ಮೇಲೆಯೇ ಎಳೆಯಬೇಕು. ಅದು ಒಣಗಿ ಕಟ್ಟೆಯಾಗುತ್ತದೆ, ಕಟ್ಟೆಯೊಳಗೆ ತುಂಬಿದ ಬಣ್ಣ ಆಚೆ ಹರಿಯುವುದಿಲ್ಲ. ಕೊನೆಗೆ ಬಟ್ಟೆಯನ್ನು ಹಬೆಯಲ್ಲಿಟ್ಟು ತೊಳೆದಾಗ ಅಂಟೂ ಹೋಗಿ, ನೀಲಿಯೂ ಹೋಗಿ, ಅಲ್ಲಿ ಬಿಳಿ ಗೆರೆ ಉಳಿಯುತ್ತದೆ. ಮುಗಿದ ಕಿಮೋನೊದ ಮೇಲೆ ನೀಲಿ ಗೆರೆ ಇರುವುದೇ ಇಲ್ಲ. ಈ ಒಂದು ಸಂಗತಿ ಮುಂದೆ ಬೇಕಾಗುತ್ತದೆ.

ಕುವೈತಿನ ಒಣ ಹವೆಗೆ, ಅದರ ಮೇಲೆ ಎ.ಸಿ. ಗಾಳಿಗೆ, ಆ ಅಂಟು ಎಳೆಯುವಷ್ಟರಲ್ಲೇ ಬಿರಿಯುತ್ತಿತ್ತು. ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ಕೋಣೆಯ ಮೂಲೆಗಳಲ್ಲಿ ಬಕೆಟ್ಟಿನಲ್ಲಿ ನೀರಿಟ್ಟು ಕೂರುತ್ತಿದ್ದೆವು. ಧೂಳು ಎದ್ದ ದಿನ ಕೆಲಸಕ್ಕೆ ರಜೆ. ಕರವಸ್ತ್ರದಷ್ಟು ಅಗಲದ ತುಂಡುಗಳನ್ನು ನನ್ನ ಇಡ್ಲಿ ಪಾತ್ರೆಯಲ್ಲೇ ಹಬೆಗಿಡುತ್ತಿದ್ದೆವು. ಒಂದು ಸಲ ನನ್ನ ಗಂಡ ಇಡ್ಲಿ ಎಂದುಕೊಂಡು ಮುಚ್ಚಳ ತೆಗೆದು, ನೇರಳೆ ಬಣ್ಣದ ಸುರುಳಿ ಕಂಡು ಗಾಬರಿಯಾಗಿದ್ದರು. ಹೀಗೆ ಮೂರು ವರ್ಷ ತುಂಡುಗಳ ಮೇಲೆ ಕೈ ಪಳಗಿಸಿದ ಮೇಲೆ, ಟೀಚರ್ ಊರಿನಿಂದ ತಂದು ತಮ್ಮ ಬಳಿ ಉಳಿಸಿಕೊಂಡಿದ್ದ ಕೊನೆಯ ಪೂರಾ ತಾನನ್ನು ನನ್ನ ಮಡಿಲಿಗೆ ಹಾಕಿದರು. ನಾನು ಮನೆಗೆ ತಂದು ದೇವರ ಮುಂದಿಟ್ಟೆ.

ಚಿತ್ರ ಏನು ಬರೆಯಬೇಕು ಎನ್ನುವುದಕ್ಕೂ ಅವರ ಮನೆತನದಲ್ಲಿ ಒಂದು ಕಟ್ಟು ಇತ್ತು. ಪ್ರಯಾಣ ಹೋಗಬೇಕು, ಕಣ್ಣು ತುಂಬ ನೋಡಬೇಕು. ಅಲ್ಲಿ ಗೆರೆ ಎಳೆಯಬಾರದು, ಫೋಟೋ ತೆಗೆಯಬಾರದು. ಮನೆಗೆ ಬಂದು ಮೂರು ದಿನ ಸುಮ್ಮನಿದ್ದು, ಮರೆಯದೆ ಉಳಿದದ್ದನ್ನು ಮಾತ್ರ ಬರೆಯಬೇಕು. "ಮರೆತದ್ದು ಆ ಜಾಗದ್ದು. ಉಳಿದದ್ದು ನಿನ್ನದು" ಎನ್ನುತ್ತಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಕಾರು ಓಡಿಸುತ್ತಿದ್ದೆ, ಅವರು ಪಕ್ಕದಲ್ಲಿ ಮಡಿಲ ಮೇಲೆ ಕೈ ಕಟ್ಟಿ ಕೂರುತ್ತಿದ್ದರು. ಸುಲೈಬಿಯಾದ ತೋಟಗಳಲ್ಲಿ ಮೂಲಂಗಿ ಸಾಲು ನೋಡಿದೆವು. ಸಬ್ಹಾನ್‌ನಲ್ಲಿ ಗೋದಾಮುಗಳ ಮುಂದೆ ಕಾರು ನಿಲ್ಲಿಸಿ, ಒಂದರ ಮೇಲೊಂದು ಪೇರಿಸಿದ ಮರದ ಚೌಕಟ್ಟುಗಳನ್ನು ಅರ್ಧ ಗಂಟೆ ನೋಡಿದೆವು. ಕಾವಲುಗಾರ ಬಂದು "ಯಲ್ಲಾ ಮೇಡಂ, ಯಲ್ಲಾ" ಎಂದು ಎಬ್ಬಿಸಿ ಕಳಿಸಿದ. ಚಳಿಗಾಲದ ಒಂದು ಬೆಳಿಗ್ಗೆ ಉತ್ತರದ ಕಡೆ ಸಮುದ್ರ ಇಳಿದು ಬರಿಯ ಕೆಸರು ಬಯಲಾಗುವ ದಡಕ್ಕೆ ಹೋದೆವು. ಅವತ್ತು ನನ್ನ ಮಗಳೂ ಜೊತೆಗಿದ್ದಳು. ಆಗ ಎಂಟನೇ ಕ್ಲಾಸು.

ಕೆಸರಿನಲ್ಲಿ ಬೆರಳಗಲದ ಕಾಲುವೆಗಳು ಸುತ್ತಿ ಸುಳಿದು ಸಮುದ್ರದ ಕಡೆ ಓಡುತ್ತಿದ್ದವು. ಉದ್ದ ಕಾಲಿನ ಹಕ್ಕಿಗಳು, ಕೆಸರಿನ ಮೇಲೆ ಕುಪ್ಪಳಿಸುವ ಪುಟ್ಟ ಮೀನುಗಳು. ಮಗಳು ಚಪ್ಪಲಿ ಬಿಚ್ಚಿ ಒಂದು ಹೆಜ್ಜೆ ಇಟ್ಟಳು. ಕಾಲು ಮೀನಖಂಡದವರೆಗೆ ಹೂತುಹೋಯಿತು. "ಯಕ್! ಅಮ್ಮಾ, ಪುಲ್ ಮಿ!" ಎಂದು ಕಿರುಚಿದಳು. ಎಳೆದು ತೆಗೆದೆ. ಹೆಜ್ಜೆ ಇದ್ದಲ್ಲಿ ನೀರು ತುಂಬಿಕೊಂಡು, ಎಲ್ಲಿಂದಲೋ ಒಂದು ಮರಿ ಏಡಿ ಬಂದು ಇಳಿಯಿತು. ಮೂರು ದಿನ ಕಳೆದ ಮೇಲೆ ನನ್ನಲ್ಲಿ ಹಕ್ಕಿಯೂ ಉಳಿದಿರಲಿಲ್ಲ, ಮೀನೂ ಉಳಿದಿರಲಿಲ್ಲ. ಆ ಕಾಲುವೆಗಳು, ಆ ಒಂದು ಹೆಜ್ಜೆ, ಅದರೊಳಗಿನ ಏಡಿ. ಅದನ್ನೇ ಬರೆದೆ. ತಿದ್ದಿ ತಿದ್ದಿ ಚಿತ್ರ ಕೈಗೆ ಹತ್ತಲು ಎಂಟು ತಿಂಗಳು ಹಿಡಿಯಿತು.

ಹೆಜ್ಜೆಯನ್ನು ಕಿಮೋನೊದ ಎಡಪಕ್ಕದ ಕೆಳ ಅಂಚಿಗೆ ಇಟ್ಟೆ. ಯಾಕೆಂದರೆ ಕಿಮೋನೊ ಉಡುವಾಗ ಎಡಪಕ್ಕ ಮೇಲೆ ಬರುತ್ತದೆ, ಬಲಪಕ್ಕ ಒಳಗೆ ಹೋಗುತ್ತದೆ. ಚಿತ್ರದ ಜೀವಾಳವನ್ನು ಮೇಲೆ ಬರುವ ಕಡೆಯಲ್ಲೇ ಇಡುವುದು ರೂಢಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ವರ್ಷ ಟೀಚರ್ ಅವರ ಹತ್ತಿಯ ಕಿಮೋನೊವನ್ನು ತಮಾಷೆಗೆ ಹಾಕಿಕೊಂಡು, ನಮ್ಮ ಅಂಗಿ ಕೋಟುಗಳ ಅಭ್ಯಾಸದಿಂದ ಬಲಪಕ್ಕವನ್ನು ಮೇಲೆ ಎಳೆದುಕೊಂಡಿದ್ದೆ. ಅವರು ಓಡಿ ಬಂದು ಕೈ ಮೇಲೆ ಪಟ್ಟನೆ ಹೊಡೆದು, ಬಿಚ್ಚಿ, ಎಡವನ್ನು ಮೇಲೆ ಮಾಡಿದರು. "ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ಈ ಕೈಯಲ್ಲಿ ಒಮ್ಮೆ ಹಾಗೆ ಉಡಿಸಿದ್ದೇನೆ. ಇನ್ನೊಮ್ಮೆ ನೋಡಲಾರೆ" ಎಂದರು. ಅವತ್ತು ಪಾಠ ನಡೆಯಲಿಲ್ಲ.

ಇನ್ನು ನನ್ನ ಹೊಟ್ಟೆ ಉರಿಸಿದವಳ ವಿಷಯ. ನಮ್ಮ ಕಡೆಯವಳೇ. ನಮ್ಮ ಕಟ್ಟಡದಿಂದ ಮೂರು ಕಟ್ಟಡ ಆಚೆ ಮನೆ, ಗಂಡ ಬ್ಯಾಂಕಿನಲ್ಲಿ. ಮನೆಯ ಒಂದು ಕೋಣೆಯಲ್ಲೇ ಬುಟೀಕ್ ನಡೆಸುತ್ತಾಳೆ, ಹಾಗಾಗಿ ಬುಟೀಕಿನವಳು ಎನ್ನುತ್ತೇನೆ. ಬಾಯಿಗೆ ಬರುವ ಬೇರೆ ಮಾತುಗಳನ್ನು ಬರೆಯುವ ಹಾಗಿಲ್ಲ. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದಳು. ಅರಿಶಿನ ಕುಂಕುಮ ಕೊಟ್ಟು, ಚರ್ಪಿನ ತಿಂಡಿ ಕೊಟ್ಟು, ಇರಲಾರದೆ ಇರುವೆ ಬಿಟ್ಟುಕೊಂಡಂತೆ ಮಗಳ ಕೋಣೆಗೆ ಕರೆದುಕೊಂಡು ಹೋಗಿ ತಾನನ್ನು ತೋರಿಸಿದೆ. ಬಿದಿರ ಕಡ್ಡಿಗಳ ಮೇಲೆ ಬಿಗಿದು ಕಟ್ಟಿದ್ದೆ, ನೀಲಿ ಗೆರೆ ಅಷ್ಟೇ ಮುಗಿದಿತ್ತು. ಪಕ್ಕದಲ್ಲಿ ಬಣ್ಣದ ನಕ್ಷೆಯ ನೋಟ್‌ಬುಕ್ಕು.

"ಅಯ್ಯೋ ಅಕ್ಕ, ಏನ್ ಕೈ ನಿಮ್ದು! ಒಂದೇ ಒಂದು ಫೋಟೋ, ಸ್ಟೇಟಸ್‌ಗೆ" ಎಂದಳು.

ಆ ನೋಟ್‌ಬುಕ್ಕನ್ನು ಟ್ಯೂಬ್‌ಲೈಟಿನ ಕೆಳಗೆ ಸರಿಸಿ ಹಿಡಿದವಳು ನಾನೇ. ಮುಗಿಯದ ಕೆಲಸದ ಫೋಟೋವನ್ನೂ ತೆಗೆಯಬಾರದು ಎಂದು ಟೀಚರ್ ಅಷ್ಟು ಸಲ ಹೇಳಿದ್ದರೂ ಹಿಡಿದೆ. ಅವಳು ಒಂದಲ್ಲ, ಹದಿನೈದು ತೆಗೆದಳು. ಸ್ಟೇಟಸ್ಸಿಗೆ ಒಂದೂ ಹಾಕಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಪೋಸ್ಟರ್ ಬಂತು. ಯುಗಾದಿ ಕಾರ್ಯಕ್ರಮದಲ್ಲಿ ಫ್ಯಾಷನ್ ಶೋ, 'ನನ್ನ ಕುವೈತ್ ಪ್ರವಾಸಗಳಿಂದ ಮೂಡಿದ ಕಿಮೋನೊ ವಿನ್ಯಾಸಗಳು'. ಅವಳ ಪ್ರವಾಸ ನನಗೆ ಗೊತ್ತಿಲ್ಲವೇ? ಮನೆಯಿಂದ ಮಾಲಿಗೆ, ಮಾಲಿನಿಂದ ಮನೆಗೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಕಾಲುವೆಗಳು. ನನ್ನ ಏಡಿ. ಅಂಚಿನಲ್ಲಿ ನನ್ನ ಮಗಳ ಹೆಜ್ಜೆ, ಹೆಬ್ಬೆರಳಿಗಿಂತ ಉದ್ದವಾದ ಪಕ್ಕದ ಬೆರಳಿನ ಸಮೇತ. ಊರಿನ ಕಡೆ ಯಾವುದೋ ಮಿಲ್ಲಿಗೆ ಫೋಟೋ ಕಳಿಸಿ ಪ್ರಿಂಟ್ ಹಾಕಿಸಿದ್ದಳು. ಎಲ್ಲ ಗೆರೆಗಳೂ ನೀಲಿ! ನೀರಿಗೆ ಹೋಗಬೇಕಾದ ಗೆರೆಯನ್ನು ಎಂದೂ ಹೋಗದ ಹಾಗೆ ಅಚ್ಚು ಹಾಕಿಸಿದ್ದಳು. ಕೆಳಗೆ ಜನ 'ವಾವ್, ಆ ಬ್ಲೂ ಔಟ್‌ಲೈನ್ ಸೂಪರ್' ಎಂದು ಬರೆದಿದ್ದರು. ಫೋನ್ ಸೋಫಾದ ಮೇಲೆ ಎಸೆದೆ.

ಮನೆಗೇ ಹೋಗಿ ಕೇಳಿದೆ. ಜಗಳವಾಡಲಿಲ್ಲ, ಮೆತ್ತಗೇ ಕೇಳಿದೆ. ಅವಳು ಕಾಫಿ ತಂದಿಟ್ಟು ನಕ್ಕಳು. "ಅಕ್ಕ, ಇನ್‌ಸ್ಪಿರೇಶನ್ ಅಷ್ಟೇ. ಸಮುದ್ರ ಯಾರಪ್ಪಂದು ಹೇಳಿ?"

ಗಂಡನಿಗೆ ಹೇಳಿದರೆ, "ಬಿಡು ಮಾರಾಯ್ತಿ, ವೀಸಾ, ಇಕಾಮಾ ಮುಗಿದ್ರೆ ಅವರೂ ಇರಲ್ಲ, ನಾವೂ ಇರಲ್ಲ. ಖಲಾಸ್" ಎಂದರು. ಟೀಚರಿಗೆ ಹೇಳಲು ನಾಲಿಗೆ ಏಳಲಿಲ್ಲ. ಫೋಟೋ ತೆಗೆಯಲು ಬಿಟ್ಟವಳು ನಾನೇ ಅಲ್ಲವೇ? ತಾನು ಎಲ್ಲಿಗೆ ಬಂತು ಎಂದು ಅವರು ಕೇಳಿದಾಗಲೆಲ್ಲ ಬೆನ್ನುನೋವು ಎನ್ನುತ್ತಿದ್ದೆ. ಅಂಟು ಎಳೆಯಲೂ ಇಲ್ಲ, ತೊಳೆಯಲೂ ಇಲ್ಲ. ನೀಲಿ ಗೆರೆ ಇದ್ದರೆ ತಾನೇ ಸಾಕ್ಷಿ?

ಯುಗಾದಿಗೆ ಎರಡು ವಾರವಿದ್ದಾಗ ಅವಳೇ ನಮ್ಮ ಮನೆಗೆ ಬಂದಳು. ನಾಚಿಕೆ ಎನ್ನುವುದು ಬೇಡವೇ ಮನುಷ್ಯರಿಗೆ! ಹೊಲಿದ ಕಿಮೋನೊಗಳಲ್ಲಿ ಒಂದನ್ನು ತಾನೇ ಹಾಕಿಕೊಂಡು ತೆಗೆಸಿದ ಫೋಟೋ ತೋರಿಸಿದಳು. "ಅಕ್ಕ, ನಿಮ್ಗೆ ಗೊತ್ತಲ್ಲ ಇದೆಲ್ಲ. ಸರಿಯಾಗಿದ್ಯಾ ನೋಡಿ. ನಿಮ್ಮ ಜಪಾನ್ ಮೇಡಮ್ಮನ್ನೂ ಅವರ ಫ್ರೆಂಡ್ಸನ್ನೂ ಸ್ಪೆಷಲ್ ಗೆಸ್ಟ್ ಅಂತ ಕರ್ದಿದೀನಿ. ಏನೂ ಎಡವಟ್ಟಾಗಬಾರದು."

ನೋಡಿದೆ. ಬಲಪಕ್ಕ ಮೇಲಿತ್ತು. ಹೊಲಿದ ಟೈಲರ್ ಭಾಯಿ ಆಸ್ಪತ್ರೆಗಳಿಗೆ ನರ್ಸುಗಳ ಕೋಟು ಹೊಲಿಯುವವನು; ಹೆಂಗಸರ ಕೋಟಿನಲ್ಲಿ ಬಲಪಕ್ಕವೇ ಮೇಲೆ ಬರುತ್ತದೆ. ಅದೇ ಲೆಕ್ಕದಲ್ಲಿ ಒಳಗೆ ಎರಡು ಟಿಚ್ ಬಟನ್ ಕೂಡ ಹಾಕಿಕೊಟ್ಟಿದ್ದ. ನನ್ನ ಮಗಳ ಹೆಜ್ಜೆ ಒಳಗೆ ಮುಚ್ಚಿಹೋಗಿತ್ತು. ಆ ಹೆಜ್ಜೆ ಅವಳ ಕೈಯಲ್ಲಿ ಕಾಣದೆ ಹೋದದ್ದೇ ಒಳ್ಳೆಯದಾಯಿತು ಎನ್ನಿಸಿತು. ಆಮೇಲೆ ಟೀಚರ್ ನನ್ನ ಕೈಗೆ ಹೊಡೆದದ್ದು ನೆನಪಾಯಿತು. ಮುಂದಿನ ಸಾಲಿನಲ್ಲಿ ಜಪಾನಿನ ಹೆಂಗಸರು ಕೂತಿರುತ್ತಾರೆ, ಇವಳು ವೇದಿಕೆಯ ಮೇಲೆ ಹೆಣದ ಮೆರವಣಿಗೆ ಮಾಡಿಸುತ್ತಾಳೆ, ಇಡೀ ಸಾಲ್ಮಿಯಾದಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು.

"ತುಂಬಾ ಚೆನ್ನಾಗಿದೆ" ಎಂದೆ. "ಇನ್ನೆರಡು ಟಿಚ್ ಬಟನ್ ಹಾಕಿಸಿಬಿಡು. ಸ್ಟೇಜ್ ಮೇಲೆ ಜಾರಬಾರದು ನೋಡು."

"ಥ್ಯಾಂಕ್ಸ್ ಅಕ್ಕ. ನಿಮ್ಗೆ ನನ್ ಮೇಲೆ ಕೋಪ ಇದೆ ಅಂದ್ಕೊಂಡಿದ್ದೆ."

"ಛೆ, ಸಮುದ್ರ ಯಾರಪ್ಪಂದು?" ಎಂದು ಕುಂಕುಮ ಕೊಟ್ಟು ಕಳಿಸಿದೆ.

ಕಾರ್ಯಕ್ರಮ ಒಂದು ಸ್ಕೂಲಿನ ಸಭಾಂಗಣದಲ್ಲಿ, ಸಂಜೆ. ಬೇವು ಬೆಲ್ಲ ಹಂಚಿದರು, ಮಕ್ಕಳ ಕುಣಿತ ಆಯಿತು. ನನ್ನ ಮಗಳೂ ಗುಂಪಿನಲ್ಲಿ ಕುಣಿದು ಒಳಗೆ ಹೋದಳು. ಟೀಚರ್ ಮತ್ತು ಅವರ ಮೂವರು ಗೆಳತಿಯರು ಮೊದಲ ಸಾಲಿನಲ್ಲಿ. ನಾನು ಬೇಕೆಂದೇ ಎರಡನೆಯ ಸಾಲಿನಲ್ಲಿ, ಅವರೆಲ್ಲರ ಮುಖ ಪಕ್ಕದಿಂದ ಕಾಣುವ ಕಡೆ ಕೂತಿದ್ದೆ. ಸಿನಿಮಾಕ್ಕೆ ಒಳ್ಳೆಯ ಸೀಟು ಹಿಡಿಯುವ ಹಾಗೆ ಹಿಡಿದಿದ್ದೆ.

ಮೊದಲನೆಯ ಹುಡುಗಿ ಬಂದಳು. ಟೀಚರ್ ಗೆಳತಿಯೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಎರಡನೆಯವಳು ಬಂದಳು. ಇನ್ನೊಬ್ಬರು ಮುಖ ತಿರುಗಿಸಿಕೊಂಡರು. ಟೀಚರ್ ಕತ್ತು ಬಗ್ಗಿಸಿ ತಮ್ಮ ಕೈಗಳನ್ನೇ ನೋಡುತ್ತಿದ್ದರು. ನಾನು ಅದೆಲ್ಲವನ್ನೂ ಒಂದೊಂದಾಗಿ ಸವಿದೆ. ಸುಳ್ಳೇಕೆ ಹೇಳಲಿ, ಅಷ್ಟು ಸುಖ ನನಗೆ ಆ ವರ್ಷದಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ವೇದಿಕೆಯ ಅಂಚಿನಲ್ಲಿ ಮೈಕ್ ಹಿಡಿದು ಹಲ್ಲು ಕಿರಿಯುತ್ತಿದ್ದ ಅವಳನ್ನು ನೋಡಿ, ನಗು ಇರು, ನಗು ಎಂದುಕೊಂಡೆ.

ಮೂರನೆಯವಳು ನನ್ನ ಮಗಳು.

ಉಡಬೇಕಾಗಿದ್ದ ಹುಡುಗಿಗೆ ಮಧ್ಯಾಹ್ನ ಜ್ವರ ಬಂದಿತ್ತಂತೆ. ಎತ್ತರ ಸರಿಹೋಗುತ್ತದೆ ಎಂದು ಅಲ್ಲೇ ಒಳಗೆ ನಿಂತಿದ್ದ ಇವಳಿಗೆ ಕುಣಿತದ ಬಟ್ಟೆಯ ಮೇಲೆಯೇ ಉಡಿಸಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು. ಆ ಕ್ಷಣ ಕಂಡದ್ದು ಇಷ್ಟೇ: ನನ್ನ ಒಬ್ಬಳೇ ಮಗಳು, ತುಟಿಗೆ ಬಣ್ಣ, ಕಿವಿಯ ಮೇಲೆ ಹೂವು, ಮೈಮೇಲೆ ಬಲಪಕ್ಕ ಮೇಲಾದ ಕಿಮೋನೊ. ಬೆಳಕಿಗೆ ಬಂದು, ಸಾಲುಗಳಲ್ಲಿ ನನ್ನನ್ನು ಹುಡುಕಿ, ಕಂಡ ಕೂಡಲೇ ಕೈಬೀಸಿದಳು. ಎದ್ದು ನಿಂತೆ. ನಿಲ್ಲಿಸಿ ಎನ್ನಲು ಕೈ ಎತ್ತಿದೆ. ಹಿಂದಿನವರು "ಕೂತ್ಕೊಳಿ, ಕಾಣ್ಸಲ್ಲ" ಎಂದರು.

ನನಗಿಂತ ಮೊದಲು ಟೀಚರ್ ಎದ್ದಿದ್ದರು. ಆ ವಯಸ್ಸಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ, ನಡುವೇದಿಕೆಯಲ್ಲಿ ನನ್ನ ಮಗಳ ಮುಂದೆ ಮಂಡಿಯೂರಿದರು. ಸೊಂಟದ ಪಟ್ಟಿ ಬಿಚ್ಚಿದರು. ನಾನು ಹಾಕಿಸಿದ ಟಿಚ್ ಬಟನ್ನುಗಳನ್ನು ಒಂದೊಂದಾಗಿ ಕಿತ್ತರು. ಸದ್ದು ನನ್ನ ತನಕ ಕೇಳಿಸಿತು. ಬಲಪಕ್ಕವನ್ನು ಒಳಗೆ ಹಾಕಿ, ಎಡಪಕ್ಕವನ್ನು ಮೇಲೆ ತಂದು ಕೈಯಿಂದ ನೀವಿದರು. ಮುಚ್ಚಿಹೋಗಿದ್ದ ಹೆಜ್ಜೆ ಮೇಲೆ ಬಂತು. ಪಟ್ಟಿಯನ್ನು ಮತ್ತೆ ಕಟ್ಟಿದರು. ಆಮೇಲೆ ಉಳಿದ ಹುಡುಗಿಯರನ್ನೂ ಕರೆಸಿ, ಒಬ್ಬೊಬ್ಬರಿಗೂ ಹಾಗೇ ಮಾಡಿದರು.

ಬುಟೀಕಿನವಳು ಒಂದು ಗಳಿಗೆ ಪೆಚ್ಚಾದಳು, ಒಂದೇ ಗಳಿಗೆ. ತಕ್ಷಣ ಮೈಕ್ ಎತ್ತಿ, "ನೋಡಿ, ಜಪಾನಿನ ಮೇಡಮ್ಮೇ ಸ್ಟೇಜಿಗೆ ಬಂದು ನಮ್ಮ ಹುಡುಗೀರಿಗೆ ಅವರ ಸ್ಟೈಲಲ್ಲಿ ಡ್ರೇಪ್ ಮಾಡ್ತಿದಾರೆ! ಜೋರಾಗಿ ಚಪ್ಪಾಳೆ ಬರಲಿ!" ಎಂದಳು. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆ ಸಂಜೆ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ.

ಹೊರಗೆ ಕಾರಿಡಾರಿನಲ್ಲಿ ಟೀಚರ್ ಅವಳನ್ನು ಹೀಗೇಕೆ ಹೊಲಿಸಿದೆ ಎಂದು ಕೇಳಿದರು. ಅವಳು ನನ್ನ ಹೆಗಲ ಮೇಲೆ ಕೈ ಹಾಕಿ, ಇಂಗ್ಲಿಷಿನಲ್ಲಿ, ನನಗೇನೂ ಗೊತ್ತಿಲ್ಲ ಮೇಡಂ, ಇವರಿಗೆ ಫೋಟೋ ತೋರಿಸಿ ಸರಿ ಎನ್ನಿಸಿಕೊಂಡೇ ಮುಂದುವರಿದದ್ದು ಎಂದಳು. ಅವಳು ಬಾಯಿಬಿಟ್ಟು ಹೇಳಿದ ಒಂದೇ ನಿಜ ಅದು. ಟೀಚರ್ ನನ್ನನ್ನು ನೋಡಿದರು. ನಾನು ಅವರ ಚಪ್ಪಲಿ ನೋಡಿದೆ.

ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಹಿಡಿದು ಅವರು ನಿಧಾನವಾಗಿ ಹೇಳಿದರು: "ಗೆರೆಗಳು ನೀಲಿ ಇದ್ದವು. ಮೊದಲ ಹುಡುಗಿ ಬಂದಾಗಲೇ ನನಗೆ ತಿಳಿಯಿತು, ಇದು ನಿನ್ನ ಬಟ್ಟೆಯಿಂದ ಕದ್ದದ್ದು ಎಂದು. ನಿನಗಾಗಿ ನಾನು ಎಲ್ಲರ ಮುಂದೆ ಕೇಳುತ್ತಿದ್ದೆ. ಈಗ ಯಾವ ಬಾಯಿಯಿಂದ ಕೇಳಲಿ?" ಕಾರಿನೊಳಗೆ ಕೂತ ಮೇಲೆ, "ನಿನ್ನ ತಾನನ್ನು ಮುಗಿಸು, ಇಲ್ಲವಾದರೆ ಬಿಸಿಲು ಏರುವ ಮುಂಚೆ ತೊಳೆ. ಬಹಳ ದಿನ ಕಾವಿನಲ್ಲಿ ಬಿಟ್ಟರೆ ಆ ನೀಲಿ ಹೋಗುವುದಿಲ್ಲ" ಎಂದರು. ನಾಳೆ ಬಾ ಎನ್ನಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ನಾನು ಹೋಗಿಲ್ಲ.

ಎರಡು ವಾರ ಬಿಟ್ಟು, ಒಂದು ಶುಕ್ರವಾರ, ತಾನನ್ನು ಬೀರುವಿನಿಂದ ಇಳಿಸಿದೆ. ಅಷ್ಟು ಉದ್ದದ ಬಟ್ಟೆ ಒಬ್ಬಳ ಕೈಗೆ ಬರುವುದಿಲ್ಲ, ಮಗಳನ್ನು ಕರೆದೆ. ಬಾತ್‌ಟಬ್ಬಿಗೆ ನೀರು ತುಂಬಿಸಿ, ಅವಳೊಂದು ತುದಿ, ನಾನೊಂದು ತುದಿ ಹಿಡಿದು ಅದ್ದಿದೆವು. ನೀಲಿ ಬಿಡಲಿಲ್ಲ. ಎರಡು ಸಲ ನೀರು ಬದಲಾಯಿಸಿದರೂ ಗೆರೆಗಳು ತೆಳುವಾಗಿ ನಿಂತೇ ಇದ್ದವು. ಅದಕ್ಕೂ ನನಗೆ ಅವಳ ಮೇಲೆಯೇ ಸಿಟ್ಟು ಬಂತು, ಬುಟೀಕಿನವಳ ಮೇಲೆ. ಈಗಲೂ ಇದೆ.

ಮಗಳು ತನ್ನ ತುದಿಯಲ್ಲಿದ್ದ ಹೆಜ್ಜೆಯ ಮೇಲೆ ಬೆರಳಾಡಿಸುತ್ತಿದ್ದಳು. "ಅಮ್ಮಾ, ಅವತ್ತು ಆಂಟಿ ವೇರ್ ದಿಸ್ ಅಂದಾಗ ಐ ಸಾ ಮೈ ಫುಟ್. ನೀನೇ ಅವರಿಗೆ ಡಿಸೈನ್ ಕೊಟ್ಟಿದ್ದೀಯ ಅಂದ್ಕೊಂಡೆ. ನಿಂಗೆ ಸರ್‌ಪ್ರೈಸ್ ಆಗುತ್ತೆ ಅಂತ ಹಾಕ್ಕೊಂಡೆ."

ನಾನು ನೀರಿನೊಳಗೆ ಬಟ್ಟೆ ಕಿವುಚುತ್ತಿದ್ದೆ.

"ಅದು ಡೆಡ್ ಪೀಪಲ್‌ಗೆ ಹಾಕೋ ತರ ಅಂತ ಟೀಚರ್ ಆಂಟಿ ಸ್ಟೇಜ್ ಮೇಲೆ ಹೇಳಿದ್ರು. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಹಾಕ್ಕೋತೀನಿ ಅಂತ?"

"ಇಲ್ಲ ಪುಟ್ಟಾ. ದೇವರಾಣೆಗೂ ಇಲ್ಲ."

ಅವಳು ತಲೆ ಅಲ್ಲಾಡಿಸಿ ತನ್ನ ತುದಿಯನ್ನು ಮತ್ತೆ ನೀರಿಗೆ ಅದ್ದಿ ಎತ್ತಿದಳು. ಮುಗಿಯಿತು ಎಂದುಕೊಂಡೆ. ಆಮೇಲೆ ಕೇಳಿದಳು: "ಅದರ್ ಗರ್ಲ್ಸ್ ಹಾಕ್ಕೊಂಡಿದ್ರಲ್ಲ ಅಮ್ಮಾ. ಅದು ಓಕೆ ಇತ್ತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆ ಮೊದಲ ಇಬ್ಬರು ಹುಡುಗಿಯರ ತಾಯಂದಿರೂ ಅವತ್ತು ಅಲ್ಲೇ, ನನ್ನದೇ ಸಾಲಿನಲ್ಲಿ, ಫೋನು ಎತ್ತಿ ಹಿಡಿದು ಕೂತಿದ್ದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಉತ್ತರ ಸಿಕ್ಕಿತೇನೋ, ತನ್ನ ಕಡೆಯ ತುದಿಯನ್ನು ನೀರಿಗೆ ಬಿಟ್ಟು, ಕೈ ಒರೆಸಿಕೊಂಡು ಎದ್ದು ಹೋದಳು.